ಸೆಬಿಯ ಪರವಾಗಿ ಕೇಸು ನಡೆಸಬೇಕೆನ್ನುವ ಕಾನೂನು ಪದವೀಧರರಿಗೆ: ಪರೀಕ್ಷೆಯಿಂದ ವಿಶೇಷ ನ್ಯಾಯಾಲಯದವರೆಗೆ

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಗೆ ಫೋನ್ ಕದ್ದಾಲಿಸುವ ಅಧಿಕಾರವಿಲ್ಲ. ಯಾರು ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದರು, ಎಷ್ಟು ಹೊತ್ತು ಮಾತಾಡಿದರು ಎಂಬ ದಾಖಲೆ ಸಿಗುತ್ತದೆ. ಏನು ಮಾತಾಡಿದರು ಎಂಬುದು ಅದರಲ್ಲಿ ಇರುವುದಿಲ್ಲ. ಷೇರುಪೇಟೆಯ ಮೋಸದ ಪ್ರಕರಣಗಳನ್ನು ನಿಯಂತ್ರಕರ ಕಡೆಯಿಂದ ನಡೆಸುವ ವಕೀಲರಿಗೆ ಕೆಲಸ ಶುರುವಾಗುವುದೇ ಇಲ್ಲಿಂದ. ಕೊಲೆ ಕೇಸಿನಲ್ಲಿ ಸಿಗುವಂಥ ಪ್ರತ್ಯಕ್ಷ ಸಾಕ್ಷಿ ಇಲ್ಲಿ ಸಿಗುವುದು ಅಪರೂಪ. ತಾರೀಖು, ಗಂಟೆ, ಬ್ಯಾಂಕ್ ಪಾಸ್‌ಬುಕ್, ಬ್ರೋಕರ್ ಬಳಿಯ ಅರ್ಜಿ, ಇವನ್ನೇ ಒಂದಕ್ಕೊಂದು ಹೊಂದಿಸಿ ಕೇಸು ನಿಲ್ಲಿಸಬೇಕು.

ಈ ಕೆಲಸಕ್ಕೆ ಬರಲು ಏನು ಮಾಡಬೇಕು, ಬಂದ ಮೇಲೆ ಫೈಲನ್ನು ಹೇಗೆ ಕಟ್ಟಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಪರೀಕ್ಷೆಯ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಹಾಗಾಗಿ ಫೈಲಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಯಾವ ಬಾಗಿಲು ಎಂದು ತೀರ್ಮಾನಿಸಿ

ಸೆಬಿ 1988ರಲ್ಲಿ ಹುಟ್ಟಿತು. 1992ರ ಕಾಯ್ದೆ ಬಂದ ಮೇಲೆ ಅದಕ್ಕೆ ಹಲ್ಲು ಬಂದವು. ಮುಖ್ಯ ಕಚೇರಿ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ. ಅದರ ಪರವಾಗಿ ಕೇಸು ನಡೆಸುವವರಲ್ಲಿ ಮೂರು ಬಗೆಯವರಿದ್ದಾರೆ. ಹೊರಗಿನವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಿರುವುದಿಲ್ಲ.

ಒಂದು, ಸೆಬಿಯ ಕಾನೂನು ಅಧಿಕಾರಿ. ಇವರು ಸಂಬಳದ ನೌಕರರು. ತನಿಖಾ ವರದಿ ಪರಿಶೀಲಿಸುವುದು, ಷೋಕಾಸ್ ನೋಟಿಸಿನ (ಆರೋಪ ತಿಳಿಸಿ ಕಾರಣ ಕೇಳುವ ನೋಟಿಸಿನ) ಕರಡು, ಮೇಲ್ಮನವಿಗೆ ಉತ್ತರ, ಹಿರಿಯ ವಕೀಲರಿಗೆ ಬ್ರೀಫ್ ಮಾಡುವುದು ಎಲ್ಲವೂ ಇವರ ಪಾಲಿನದು. ಸೆಬಿಯ ಅಧಿಕಾರಿಯೇ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ನಿಂತು ವಾದ ಮಂಡಿಸಬಹುದು. ಆದರೆ ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ಮೇಲೆ ಬಾರ್ ಕೌನ್ಸಿಲ್ ನಿಯಮದಂತೆ ವಕೀಲಿಕೆಯ ಸನ್ನದನ್ನು ಅಮಾನತಿನಲ್ಲಿ ಇಡಬೇಕಾಗುತ್ತದೆ. ಕಪ್ಪು ಕೋಟಿನ ಮೇಲೆ ಬಹಳ ಪ್ರೀತಿ ಇರುವವರು ಇದನ್ನು ಮೊದಲೇ ಯೋಚಿಸಿಕೊಳ್ಳಲಿ.

ಎರಡು, ಸೆಬಿ ಗೊತ್ತುಮಾಡಿಕೊಂಡ ಹೊರಗಿನ ವಕೀಲರು. ಹೈಕೋರ್ಟು, ಸುಪ್ರೀಂ ಕೋರ್ಟು, ನ್ಯಾಯಮಂಡಳಿಗಳಲ್ಲಿ ನಿಮ್ಮ ಕಣ್ಣಿಗೆ ಬೀಳುವವರು ಹೆಚ್ಚಾಗಿ ಇವರೇ.

ಮೂರು, ವಿಶೇಷ ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ನಡೆಸುವವರು. 2014ರ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ಕಾನೂನಿನ ದೃಷ್ಟಿಯಲ್ಲಿ ಇವರು ಪಬ್ಲಿಕ್ ಪ್ರಾಸಿಕ್ಯೂಟರ್. ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು, ಅಥವಾ ಕಾನೂನಿನ ವಿಶೇಷ ಜ್ಞಾನ ಬೇಡುವ ಸರ್ಕಾರಿ ಹುದ್ದೆಯಲ್ಲಿ ಅಷ್ಟೇ ವರ್ಷ ಇದ್ದಿರಬೇಕು.

ಈಗಷ್ಟೇ ಎಲ್‌ಎಲ್‌ಬಿ ಮುಗಿಸಿದವರಿಗೆ ಮೊದಲನೆಯ ಬಾಗಿಲೇ ಸರಿ ಎಂಬುದು ನನ್ನ ಅಭಿಪ್ರಾಯ. ಕೇಸು ಗೆಲ್ಲುವ ಅಥವಾ ಸೋಲುವ ಜಾಗ ಆ ಮೇಜಿನ ಮೇಲಿದೆ. ಹಿರಿಯ ವಕೀಲರು ಎಷ್ಟೇ ಚೆನ್ನಾಗಿ ವಾದಿಸಲಿ, ನೋಟಿಸಿನಲ್ಲಿ ಇಲ್ಲದ ಆರೋಪವನ್ನು ಆಮೇಲೆ ಸೇರಿಸಲಾರರು.

ಪರೀಕ್ಷೆ

ಗ್ರೇಡ್ ಎ ಅಸಿಸ್ಟೆಂಟ್ ಮ್ಯಾನೇಜರ್ ಹುದ್ದೆಗೆ ಲೀಗಲ್ ವಿಭಾಗದಲ್ಲಿ ಅರ್ಜಿ ಹಾಕಬೇಕು. ಕಾನೂನು ಪದವಿ ಬೇಕು, ಸಾಮಾನ್ಯ ವರ್ಗಕ್ಕೆ ವಯೋಮಿತಿ 30. ಎರಡು ಹಂತ ಆನ್‌ಲೈನ್ ಪರೀಕ್ಷೆ, ಮೂರನೆಯದು ಸಂದರ್ಶನ. ಮೊದಲ ಹಂತದಲ್ಲಿ ತಲಾ 100 ಅಂಕದ ಎರಡು ಪತ್ರಿಕೆ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಡಿತ. ಎರಡನೇ ಹಂತದಲ್ಲಿ ಇಂಗ್ಲಿಷ್ ಬರವಣಿಗೆಯದು ಒಂದು, ಕಾನೂನಿನದು ಇನ್ನೊಂದು. ಪಠ್ಯ ಮತ್ತು ಮಾದರಿ ಆಗಾಗ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ನಂಬಿ, ಕೋಚಿಂಗ್ ಪುಸ್ತಕವನ್ನಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಎಡವುವುದು ಇಂಗ್ಲಿಷ್ ಬರವಣಿಗೆಯ ಪತ್ರಿಕೆಯಲ್ಲಿ. ಇದಕ್ಕೆ ನಾನು ಹೇಳುವ ಅಭ್ಯಾಸ ಒಂದೇ. ಸೆಬಿಯ ಒಂದು ಆದೇಶವನ್ನು ಓದಿ, ಅದನ್ನು ಮುಚ್ಚಿಟ್ಟು, ವಾಸ್ತವಾಂಶಗಳನ್ನು ಒಂದು ಪುಟದಲ್ಲಿ ನೀವೇ ಬರೆಯಿರಿ. ಆಡಂಬರದ ಇಂಗ್ಲಿಷ್ ಬೇಡ. ಯಾರು, ಯಾವಾಗ, ಏನು ಮಾಡಿದರು ಎಂಬುದು ಗೊಂದಲವಿಲ್ಲದೆ ಬಂದರೆ ಸಾಕು. ಪರೀಕ್ಷೆಗೂ ಆಯಿತು, ಮುಂದಿನ ಕೆಲಸಕ್ಕೂ ಆಯಿತು.

ಇನ್ನೊಂದು ಎಚ್ಚರಿಕೆ. ಸೆಬಿ ಕಾಯ್ದೆ, 1956ರ ಸೆಕ್ಯೂರಿಟೀಸ್ ಕರಾರು ಕಾಯ್ದೆ, 1996ರ ಡಿಪಾಸಿಟರಿ ಕಾಯ್ದೆ ಮುಂತಾದವನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಂಹಿತೆ ತರುವುದಾಗಿ 2021ರ ಬಜೆಟ್ ಘೋಷಿಸಿತ್ತು. ನಾನಿಲ್ಲಿ ಹೇಳುವ ಸೆಕ್ಷನ್ ಸಂಖ್ಯೆಗಳು 1992ರ ಕಾಯ್ದೆಯವು. ನೀವು ಪರೀಕ್ಷೆಗೆ ಕೂರುವ ಹೊತ್ತಿಗೆ ಯಾವ ಕಾನೂನು ಜಾರಿಯಲ್ಲಿದೆ ಎಂದು ನೋಡಿಕೊಳ್ಳಿ.

ಒಂದೇ ಕೇಸನ್ನು ಮೂರು ಸಲ ಓದಿ

ಸೆಬಿಯ ಆದೇಶಗಳೆಲ್ಲ ಅದರ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಸೆಕ್ಯೂರಿಟೀಸ್ ಮೇಲ್ಮನವಿ ನ್ಯಾಯಮಂಡಳಿ, ಅಂದರೆ ಎಲ್ಲರೂ ಸ್ಯಾಟ್ ಎನ್ನುವುದು, ಅದರ ತೀರ್ಪುಗಳೂ ಸಿಗುತ್ತವೆ. ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಪ್ರಕರಣ ಹಿಡಿದು ಸೆಬಿ ಆದೇಶ, ಸ್ಯಾಟ್ ತೀರ್ಪು, ಸುಪ್ರೀಂ ಕೋರ್ಟ್ ತೀರ್ಪು ಮೂರನ್ನೂ ಸಾಲಾಗಿ ಓದಿ. ಸಂಗತಿಗಳು ಅವೇ. ಯಾವ ಸಂಗತಿ ಒಂದು ಕಡೆ ಭಾರವಾಗಿತ್ತು, ಇನ್ನೊಂದು ಕಡೆ ಹಗುರವಾಯಿತು ಎಂದು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಹತ್ತು ಪಠ್ಯಪುಸ್ತಕ ಕೊಡದ ತಿಳಿವಳಿಕೆ ಇದರಿಂದ ಬರುತ್ತದೆ.

ಮೊದಲು ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. 2016ರ ಕಿಶೋರ್ ಅಜ್ಮೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇರ ಸಾಕ್ಷ್ಯ ಇಲ್ಲದಿದ್ದರೂ ಸುತ್ತಲಿನ ಸಂದರ್ಭಗಳನ್ನು ಒಟ್ಟಾಗಿ ನೋಡಿ ತೀರ್ಮಾನಕ್ಕೆ ಬರಬಹುದು ಎಂದಿತು. ವಹಿವಾಟಿನ ಪ್ರಮಾಣ, ಎಷ್ಟು ದಿನ ನಡೆಯಿತು, ಕೊಳ್ಳುವ ಆರ್ಡರಿಗೂ ಮಾರುವ ಆರ್ಡರಿಗೂ ನಡುವಿನ ಸಮಯ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಿವಿಲ್ ದಂಡಕ್ಕೆ ಸಂಭವನೀಯತೆಯ ತೂಕ ಸಾಕು. ಇದನ್ನು ಓದಿದ ಹೊಸ ಅಧಿಕಾರಿಗೆ ಎಲ್ಲ ಕೇಸೂ ಗೆದ್ದೇ ಬಿಡುತ್ತೇನೆ ಅನ್ನಿಸುತ್ತದೆ. ಆಗ 2022ರ ಬಲರಾಮ್ ಗರ್ಗ್ ತೀರ್ಪು ತೆಗೆಯಿರಿ. ಪಿಸಿ ಜ್ಯುವೆಲರ್ ಷೇರಿಗೆ ಸಂಬಂಧಿಸಿದ ಆ ಒಳವ್ಯಾಪಾರದ (ಕಂಪನಿಯ ಗುಟ್ಟಿನ ಮಾಹಿತಿ ಇಟ್ಟುಕೊಂಡು ಷೇರು ವಹಿವಾಟು ಮಾಡುವ, ಇನ್‌ಸೈಡರ್ ಟ್ರೇಡಿಂಗ್) ಕೇಸಿನಲ್ಲಿ ಬಂಧುಗಳ ವಹಿವಾಟಿನ ರೀತಿ ಮತ್ತು ಸಮಯ ಮಾತ್ರ ತೋರಿಸಿದರೆ ಸಾಲದು, ಗುಟ್ಟಿನ ಮಾಹಿತಿ ದಾಟಿಸಿದ್ದಕ್ಕೆ ಗಟ್ಟಿ ಆಧಾರ ಬೇಕು ಎಂದು ಕೋರ್ಟ್ ಆದೇಶವನ್ನು ರದ್ದು ಮಾಡಿತು. ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಸಂಪರ್ಕ ಇತ್ತೆಂದು ಊಹಿಸಲಾಗದು. ನೀವು ಮುಂದೆ ಕಟ್ಟುವ ಪ್ರತಿ ಫೈಲೂ ಈ ಎರಡು ತೀರ್ಪುಗಳ ನಡುವೆ ಎಲ್ಲೋ ಒಂದು ಕಡೆ ಇರುತ್ತದೆ.

ಕರ್ನಾಟಕದ ಕಂಪನಿಯೊಂದರ ಕೇಸು ಓದಬೇಕೆಂದರೆ ಕಾಫಿ ಡೇ ಎಂಟರ್‌ಪ್ರೈಸಸ್ ವಿರುದ್ಧದ 2023ರ ಜನವರಿಯ ಆದೇಶ ನೋಡಿ. 7 ಅಂಗಸಂಸ್ಥೆಗಳಿಂದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ 3,535 ಕೋಟಿ ರೂಪಾಯಿ ಹೋದದ್ದನ್ನು ಹೇಗೆ ಜಾಡು ಹಿಡಿದರು, ಅದು ಸಾರ್ವಜನಿಕ ಷೇರುದಾರರಿಗೆ ಹೇಗೆ ಮೋಸ ಎಂದು ತೋರಿಸಿದರು ಎಂಬುದನ್ನು ಗಮನಿಸಿ. ಅಲ್ಲಿ ವಿಧಿಸಿದ ದಂಡ 26 ಕೋಟಿ. ಇದು ಸೆಬಿ ಮಟ್ಟದ ಆದೇಶ ಎಂಬುದು ನೆನಪಿರಲಿ. ಮೇಲ್ಮನವಿಯ ಹಂತವನ್ನೂ ಜೊತೆಗೇ ಹುಡುಕಿ ಓದಬೇಕು.

ಫೈಲು ಕಟ್ಟುವುದು: ಒಂದು ಉದಾಹರಣೆ

ಒಂದು ಕಂಪನಿ ಇದೆ ಎಂದಿಟ್ಟುಕೊಳ್ಳಿ. ಇನ್ನೊಂದು ಕಂಪನಿಯನ್ನು ಕೊಳ್ಳುವ ಒಪ್ಪಂದದ ಸುದ್ದಿಯನ್ನು ಏಪ್ರಿಲ್ 22ರಂದು ಸಂಜೆ 4.10ಕ್ಕೆ, ಅಂದರೆ 3.30ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲೆ, ಎಕ್ಸ್‌ಚೇಂಜಿಗೆ ತಿಳಿಸಿತು. ಮರುದಿನ ಷೇರು ಏರಿತು. ಏಪ್ರಿಲ್ 17ರಂದು ಒಬ್ಬ ವ್ಯಕ್ತಿ ಆ ಷೇರನ್ನು ದಂಡಿಯಾಗಿ ಕೊಂಡಿದ್ದ, 23ರಂದು ಮಾರಿದ. ತನಿಖಾ ವರದಿ ನಿಮ್ಮ ಮೇಜಿಗೆ ಬಂದಿದೆ.

ಮೊದಲು ಕಾಲಾನುಕ್ರಮದ ಪಟ್ಟಿ ಮಾಡಿ. ಒಪ್ಪಂದದ ಮಾತುಕತೆ ಎಂದು ಶುರುವಾಯಿತು? ಗೌಪ್ಯತಾ ಕರಾರಿಗೆ ಸಹಿ ಎಂದು ಬಿತ್ತು? ಬೋರ್ಡ್ ಸಭೆಯ ಕಾರ್ಯಸೂಚಿ ಯಾರಿಗೆಲ್ಲ ಹೋಯಿತು? ಬೆಲೆಯ ಮೇಲೆ ಪರಿಣಾಮ ಬೀರುವ, ಇನ್ನೂ ಹೊರಬೀಳದ ಮಾಹಿತಿಯನ್ನು ಇಲ್ಲಿ ಎಲ್ಲರೂ ಯುಪಿಎಸ್‌ಐ ಎನ್ನುತ್ತಾರೆ. ಅದು ಯಾವ ದಿನ ಹುಟ್ಟಿತು ಎಂಬುದೇ ಒಳವ್ಯಾಪಾರದ ಕೇಸುಗಳಲ್ಲಿ ಅತಿ ಹೆಚ್ಚು ಜಗಳವಾಗುವ ವಿಷಯ. ನೀವು ಏಪ್ರಿಲ್ 3 ಎಂದರೆ ಅವರು ಏಪ್ರಿಲ್ 21 ಎನ್ನುತ್ತಾರೆ. 21 ಎಂದಾದರೆ 17ರ ಖರೀದಿ ನಿಮ್ಮ ಕೈತಪ್ಪುತ್ತದೆ. ಆದ್ದರಿಂದ 3ನೇ ತಾರೀಖಿಗೆ ಕಾಗದದ ಆಧಾರ ಇದೆಯೇ ನೋಡಿ. 2015ರ ಒಳವ್ಯಾಪಾರ ನಿಯಮಾವಳಿಯಂತೆ ಮಾಹಿತಿ ಯಾರ ಯಾರ ಜೊತೆ ಹಂಚಿಕೊಂಡರು ಎಂಬ ಡಿಜಿಟಲ್ ದಾಖಲೆಯನ್ನು ಕಂಪನಿ ಇಟ್ಟಿರಬೇಕು. ಅದನ್ನು ತರಿಸಿಕೊಂಡಿದ್ದಾರೆಯೇ? ಇಲ್ಲದಿದ್ದರೆ ವರದಿಯನ್ನು ವಾಪಸ್ ಕಳಿಸಿ ತರಿಸಲು ಹೇಳಿ. ನೋಟಿಸ್ ಹೋದ ಮೇಲೆ ಹುಡುಕುವುದಕ್ಕಿಂತ ಇದು ಮೇಲು.

ಆ ವ್ಯಕ್ತಿಗೆ ಮಾಹಿತಿ ಮುಟ್ಟಿದ ದಾರಿ ಯಾವುದು? ಕರೆ ದಾಖಲೆಯಲ್ಲಿ 16ರ ರಾತ್ರಿ ಕಂಪನಿಯ ಹಣಕಾಸು ಅಧಿಕಾರಿಯಿಂದ ಕರೆ ಬಂದಿದೆ ಎನ್ನೋಣ. ಅದೊಂದನ್ನೇ ನೋಡಿ ಕುಣಿಯಬೇಡಿ. ಹಿಂದಿನ ಆರು ತಿಂಗಳ ದಾಖಲೆ ತೆಗೆಯಿರಿ. ಇಬ್ಬರೂ ದಿನಾ ಮಾತಾಡುವ ಗೆಳೆಯರಾಗಿದ್ದರೆ ಆ ಕರೆಗೆ ವಿಶೇಷ ಅರ್ಥವಿಲ್ಲ. ಆರು ತಿಂಗಳಲ್ಲಿ ಅದೊಂದೇ ಕರೆಯಾಗಿದ್ದರೆ ಮಾತು ಬೇರೆ.

ಆಮೇಲೆ ಟ್ರೇಡ್ ಲಾಗ್. ಎಕ್ಸ್‌ಚೇಂಜ್ ಕೊಡುವ ಈ ಕಡತದಲ್ಲಿ ಪ್ಯಾನ್, ಗ್ರಾಹಕರ ಕೋಡ್, ಬ್ರೋಕರ್, ಆರ್ಡರ್ ಹಾಕಿದ ಸಮಯ, ವಹಿವಾಟು ಆದ ಸಮಯ, ಬೆಲೆ, ಪ್ರಮಾಣ, ಎದುರು ಪಕ್ಷ ಎಲ್ಲವೂ ಸಾಲು ಸಾಲಾಗಿ ಇರುತ್ತವೆ. ಸಾವಿರಾರು ಸಾಲು. ವಕೀಲರು ಇದನ್ನು ತನಿಖಾಧಿಕಾರಿಗೆ ಬಿಟ್ಟು ಸಾರಾಂಶ ಮಾತ್ರ ಓದುತ್ತಾರೆ, ಅದು ತಪ್ಪು. ಎಕ್ಸೆಲ್ ಕಲಿತು ನೀವೇ ತೆರೆಯಿರಿ. ಆ ವ್ಯಕ್ತಿ ಹಿಂದಿನ ವರ್ಷ ಎಷ್ಟು ಕಂಪನಿಗಳ ಷೇರು ಕೊಂಡಿದ್ದ, ಸರಾಸರಿ ಎಷ್ಟು ಹಣ ಹಾಕುತ್ತಿದ್ದ, ಈ ಷೇರನ್ನು ಮೊದಲೇನಾದರೂ ಮುಟ್ಟಿದ್ದನೇ ಎಂದು ಎಣಿಸಿ. ವಾರಕ್ಕೊಮ್ಮೆ ಇಷ್ಟೇ ದೊಡ್ಡ ವಹಿವಾಟು ಮಾಡುವವನಾದರೆ ನಿಮ್ಮ ಕೇಸು ಸಡಿಲ. ಎಂದೂ 50,000 ರೂಪಾಯಿ ದಾಟದವನು ಸಾಲ ಮಾಡಿ 80 ಲಕ್ಷ ಹಾಕಿದ್ದರೆ ಆ ಒಂದು ಸಾಲು ಹತ್ತು ಪುಟದ ವಾದಕ್ಕೆ ಸಮ. ಹಣ ಎಲ್ಲಿಂದ ಬಂತು, ಲಾಭ ಎಲ್ಲಿಗೆ ಹೋಯಿತು ಎಂದು ಬ್ಯಾಂಕ್ ಖಾತೆಯಲ್ಲಿ ನೋಡಲೇಬೇಕು. ಲಾಭದ ಪಾಲು ಆ ಹಣಕಾಸು ಅಧಿಕಾರಿಯ ಮನೆಯವರ ಖಾತೆಗೆ ಹೋಗಿದ್ದರೆ, ಬಲರಾಮ್ ಗರ್ಗ್ ಕೇಳಿದ ಗಟ್ಟಿ ಆಧಾರ ಬಹುಮಟ್ಟಿಗೆ ಸಿಕ್ಕಂತೆಯೇ.

ಬೆಲೆ ಏರಿಸುವ ಕೃತಕ ವಹಿವಾಟಿನ ಕೇಸಾದರೆ ಟ್ರೇಡ್ ಲಾಗ್ ಸಾಲದು, ಆರ್ಡರ್ ಲಾಗ್ ಬೇಕು. ವಹಿವಾಟಾಗದೆ ಬದಲಾಯಿಸಿದ, ರದ್ದು ಮಾಡಿದ ಆರ್ಡರುಗಳು ಅದರಲ್ಲಿ ಮಾತ್ರ ಇರುತ್ತವೆ. ಸುಳ್ಳು ಬೇಡಿಕೆ ತೋರಿಸಿ ಹಿಂತೆಗೆಯುವವರ ಆಟ ಬಯಲಾಗುವುದು ಅಲ್ಲೇ.

ಕೊನೆಯದಾಗಿ, ಮತ್ತು ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎದುರು ಪಕ್ಷದ ಉತ್ತರವನ್ನು ನೀವೇ ಬರೆಯಿರಿ. ಏಪ್ರಿಲ್ 15ರ ಪತ್ರಿಕೆಯಲ್ಲಿ ಒಪ್ಪಂದದ ಗುಸುಗುಸು ಬಂದಿತ್ತೇ? ಬ್ರೋಕರೇಜ್ ಸಂಸ್ಥೆಯೊಂದು ಷೇರು ಕೊಳ್ಳಿ ಎಂದು ವರದಿ ಕೊಟ್ಟಿತ್ತೇ? ವಹಿವಾಟಿಗೆ ಬೇರೆ ಒತ್ತಡದ ಕಾರಣ ಇತ್ತೇ? 2022ರ ಅಭಿಜಿತ್ ರಾಜನ್ ಪ್ರಕರಣದಲ್ಲಿ ಷೇರು ಮಾರಿದವರ ಬಳಿ ಇದ್ದ ಮಾಹಿತಿ ಬೆಲೆ ಏರಿಸುವಂಥದ್ದು, ಮಾರಿದ್ದು ಮೂಲ ಕಂಪನಿಯ ಸಾಲ ಪುನರ್ರಚನೆಗೆ ಹಣ ಹೊಂದಿಸಲು ಎಂಬುದನ್ನು ಸುಪ್ರೀಂ ಕೋರ್ಟ್ ಗಮನಿಸಿ ಸೆಬಿಯ ಮೇಲ್ಮನವಿಯನ್ನು ತಳ್ಳಿಹಾಕಿತು. ನಿಮ್ಮ ಆರೋಪಕ್ಕೆ ಒಪ್ಪುವಂಥ ಉತ್ತರ ಇದೆ ಎಂದು ನಿಮಗೇ ಅನ್ನಿಸಿದರೆ, ನೋಟಿಸ್ ಕೊಡಬೇಡಿ ಎಂದು ಟಿಪ್ಪಣಿ ಬರೆಯುವ ಧೈರ್ಯ ಬೇಕು. ಈ ನೋಟಿಸ್ ಒಬ್ಬರ ವೃತ್ತಿಜೀವನವನ್ನು ವರ್ಷಗಟ್ಟಲೆ ತೂಗುಹಾಕುತ್ತದೆ. ಸರ್ಕಾರಿ ವಕೀಲರ ಮೇಜಿನ ಮೇಲೆ ಬಿದ್ದುಹೋಗಬೇಕಾದ ಕೇಸು ಸ್ಯಾಟ್‌ನಲ್ಲಿ ಬಿದ್ದರೆ ಹಾನಿ ಎರಡೂ ಕಡೆಗೆ.

ನೋಟಿಸಿನ ಕರಡು

ನೋಟಿಸ್ ಪಡೆದವರನ್ನು ಈ ಕಚೇರಿಗಳಲ್ಲಿ ನೋಟಿಸೀ ಎಂದೇ ಕರೆಯುತ್ತಾರೆ. ಹತ್ತು ನೋಟಿಸೀಗಳಿದ್ದರೆ ಹತ್ತು ಜನರಿಗೂ ಬೇರೆ ಬೇರೆಯಾಗಿ ಬರೆಯಿರಿ: ಇವರು ಮಾಡಿದ್ದು ಇದು, ಅದಕ್ಕೆ ಆಧಾರ ಇಷ್ಟನೇ ಅನುಬಂಧ, ಮೀರಿದ ನಿಯಮ ಇದು. ಎಲ್ಲರೂ ಸೇರಿ ಸಂಚು ಮಾಡಿದರು ಎಂದು ಒಂದೇ ಪ್ಯಾರಾದಲ್ಲಿ ಮುಗಿಸಿದ ನೋಟಿಸು ವಿಚಾರಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಯಾವ ಕ್ರಮ ಕೈಗೊಳ್ಳುವ ಉದ್ದೇಶ ಇದೆ ಎಂಬುದನ್ನೂ ನಮೂದಿಸಬೇಕು. ಮಾರುಕಟ್ಟೆಯಿಂದ ನಿಷೇಧವೋ, ಅಕ್ರಮ ಲಾಭದ ವಸೂಲಿಯೋ, ದಂಡವೋ ಸ್ಪಷ್ಟವಾಗಿ ಹೇಳಿ.

ದಂಡದ ಲೆಕ್ಕ ಕಾಯ್ದೆಯಲ್ಲೇ ಇದೆ. ಒಳವ್ಯಾಪಾರಕ್ಕೆ 15ಜಿ ಸೆಕ್ಷನ್ ಅಡಿ ಕನಿಷ್ಠ 10 ಲಕ್ಷ. ಗರಿಷ್ಠ 25 ಕೋಟಿ ಅಥವಾ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಮೋಸದ ವಹಿವಾಟಿಗೆ 15ಎಚ್‌ಎ ಅಡಿ ಕನಿಷ್ಠ 5 ಲಕ್ಷ, ಗರಿಷ್ಠ ಮಿತಿ ಅದೇ. ಲಾಭ ಎಷ್ಟು, ಹೂಡಿಕೆದಾರರಿಗೆ ನಷ್ಟ ಎಷ್ಟು, ಮತ್ತೆ ಮತ್ತೆ ಮಾಡಿದ್ದೇ ಎಂಬ 15ಜೆಯ ಅಂಶಗಳಿಗೆ ಬೇಕಾದ ಅಂಕಿಗಳನ್ನು ನೋಟಿಸಿನ ಹಂತದಲ್ಲೇ ಸಿದ್ಧ ಮಾಡಿಕೊಳ್ಳಿ.

ದಾಖಲೆ ಮುಚ್ಚಿಡಬೇಡಿ

ತನಿಖಾ ವರದಿ ಆಂತರಿಕ ದಾಖಲೆ, ಕೊಡುವುದಿಲ್ಲ ಎನ್ನುವ ಕಾಲ ಇತ್ತು. 2022ರ ಫೆಬ್ರವರಿಯಲ್ಲಿ ಟಿ. ಟಕಾನೊ ತೀರ್ಪು ಅದಕ್ಕೆ ತೆರೆ ಎಳೆಯಿತು. ಪ್ರಕರಣಕ್ಕೆ ಸಂಬಂಧಪಟ್ಟ ಭಾಗವನ್ನು ನೋಟಿಸೀಗೆ ಕೊಡಲೇಬೇಕು. ಮೂರನೆಯವರ ಖಾಸಗಿ ಮಾಹಿತಿ ಇದ್ದರೆ ಅಷ್ಟನ್ನು ಮಾತ್ರ ಮರೆಮಾಡಬಹುದು. ನನ್ನ ಸಲಹೆ ಇನ್ನೂ ಒಂದು ಹೆಜ್ಜೆ ಮುಂದಿನದು. ನಿಮ್ಮ ಕೇಸಿಗೆ ವಿರುದ್ಧವಾದ ಕಾಗದವೂ ಕಡತದಲ್ಲಿದ್ದರೆ ಅದನ್ನೂ ಪರಿಶೀಲನೆಗೆ ಇಡಿ. ಯಾರದಾದರೂ ಹೇಳಿಕೆಯ ಮೇಲೆ ಆಧಾರಪಟ್ಟಿದ್ದರೆ ಪಾಟೀಸವಾಲಿಗೆ ಅವಕಾಶ ಕೇಳುತ್ತಾರೆ, ಅದಕ್ಕೂ ಸಿದ್ಧರಾಗಿರಿ. ಸಹಜ ನ್ಯಾಯದ ಒಂದು ಲೋಪಕ್ಕೆ ಇಡೀ ಆದೇಶ ರದ್ದಾಗಿ ಮತ್ತೆ ಮೊದಲಿನಿಂದ ವಿಚಾರಣೆ ನಡೆಸುವುದಕ್ಕಿಂತ ಇದೆಲ್ಲ ಸುಲಭ.

ಸ್ಯಾಟ್

ಆದೇಶ ಬಂದ 45 ದಿನಗಳಲ್ಲಿ ಮೇಲ್ಮನವಿ ಹೋಗಬಹುದು. ಅಲ್ಲಿಂದ ಸುಪ್ರೀಂ ಕೋರ್ಟಿಗೆ 60 ದಿನ, ಅದೂ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ. ಅಂದರೆ ಸಂಗತಿಗಳ ಬಗ್ಗೆ ಜಗಳವಾಡಲು ಸ್ಯಾಟ್ ಕೊನೆಯ ಜಾಗ. ಹಿರಿಯ ವಕೀಲರಿಗೆ ಬ್ರೀಫ್ ಮಾಡುವಾಗ ಎರಡು ಪುಟದ ಕಾಲಾನುಕ್ರಮ, ಪ್ರತಿ ಸಾಲಿನ ಎದುರು ಪೇಪರ್‌ಬುಕ್‌ನ ಪುಟ ಸಂಖ್ಯೆ, ಇಷ್ಟು ಕೊಡಿ. ಪೀಠ 'ಇದು ಎಲ್ಲಿದೆ ತೋರಿಸಿ' ಎಂದಾಗ ಹಿಂದೆ ಕೂತ ನೀವು ಪುಟ ತೆಗೆದುಕೊಡುವಷ್ಟು ಕಡತ ಬಾಯಿಪಾಠ ಆಗಿರಬೇಕು.

ಕ್ರಿಮಿನಲ್ ಮೊಕದ್ದಮೆ ಬೇರೆಯೇ ಲೋಕ

24ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಜೈಲು, 25 ಕೋಟಿವರೆಗೆ ದಂಡ, ಅಥವಾ ಎರಡೂ. ಸೆಬಿ ದೂರು ಕೊಡದೆ ಕೋರ್ಟ್ ಇದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಇಲ್ಲಿ ಸಂಭವನೀಯತೆ ನಡೆಯದು, ಸಂಶಯಾತೀತವಾಗಿ ಸಾಬೀತಾಗಬೇಕು. ಸೆಬಿಯೊಳಗಿನ ವಿಚಾರಣೆಯಲ್ಲಿ ಸಾಕ್ಷ್ಯ ಕಾಯ್ದೆಯ ಬಿಗಿ ಇರಲಿಲ್ಲ. ಇಲ್ಲಿ ಪ್ರತಿಯೊಂದು ಪ್ರಿಂಟ್‌ಔಟಿಗೂ ಅದು ಅನ್ವಯಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ಕೊಡಬೇಕು, ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತವನ್ನೂ) ನಮೂದಿಸಬೇಕು. ಟ್ರೇಡ್ ಲಾಗ್ ಬಂದ ದಿನವೇ ಎಕ್ಸ್‌ಚೇಂಜಿನಿಂದ ಇದನ್ನು ಪಡೆಯಿರಿ. ಐದಾರು ವರ್ಷ ಕಳೆದ ಮೇಲೆ ಸಹಿ ಹಾಕಿದ ಅಧಿಕಾರಿಯನ್ನು ಹುಡುಕಿಕೊಂಡು ಹೋಗುವುದು ಬಹಳ ಕಷ್ಟ. ತನಿಖಾಧಿಕಾರಿಗೆ ವರ್ಗವಾಗಿರುತ್ತದೆ, ಬ್ಯಾಂಕ್ ಮ್ಯಾನೇಜರ್ ನಿವೃತ್ತರಾಗಿರುತ್ತಾರೆ. ಯಾವ ದಾಖಲೆಯನ್ನು ಯಾವ ಸಾಕ್ಷಿ ಮೂಲಕ ಗುರುತಿಸಬೇಕು ಎಂಬ ಪಟ್ಟಿಯನ್ನು ದೂರು ದಾಖಲಿಸುವ ಮೊದಲೇ ಮಾಡಿಟ್ಟುಕೊಳ್ಳಿ.

ಸೇರುವ ಮೊದಲು ಮನೆಯಲ್ಲಿ ಮಾತಾಡಬೇಕಾದ್ದು

ನೌಕರರ ಷೇರು ವಹಿವಾಟಿಗೆ ಸೇವಾ ನಿಯಮಗಳಲ್ಲಿ ಕಟ್ಟುನಿಟ್ಟಿನ ಮಿತಿ ಇದೆ. ಡಿಮ್ಯಾಟ್ ಖಾತೆ ಇದ್ದವರು ನಿಯಮ ಓದಿ, ಏನು ಉಳಿಸಿಕೊಳ್ಳಬಹುದು, ಏನು ಘೋಷಿಸಬೇಕು ಎಂದು ತಿಳಿದುಕೊಳ್ಳಿ. ಹೆಚ್ಚಿನ ಕೆಲಸ ಮುಂಬೈನಲ್ಲಿ, ವರ್ಗಾವಣೆಯೂ ಇದೆ. ಯಾವ ಕಂಪನಿಯ ಫೈಲು ನೋಡುತ್ತಿದ್ದೀರಿ ಎಂಬುದು ಗಂಡ-ಹೆಂಡತಿಗೂ ಗೊತ್ತಾಗಬಾರದು. ಇದು ಮದುವೆಯಾದವರಿಗೆ ಅಂದುಕೊಂಡಷ್ಟು ಸುಲಭವಲ್ಲ.

ಊರಲ್ಲೇ ಇರಬೇಕೆನ್ನುವವರಿಗೆ

ಕರ್ನಾಟಕ ಬಿಟ್ಟು ಹೋಗಲಾರದವರಿಗೆ ಇದೇ ಬಗೆಯ ಕೆಲಸ 2004ರ ಕರ್ನಾಟಕ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತರಕ್ಷಣಾ ಕಾಯ್ದೆಯ ಅಡಿ ಇದೆ. ಜನ ಕೆಪಿಐಡಿ ಕಾಯ್ದೆ ಎನ್ನುವುದು ಇದನ್ನೇ. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಠೇವಣಿದಾರರು ನಂಬಿದ್ದು ಈ ಕಾಯ್ದೆಯನ್ನು. ಮೊದಲು ಆಸ್ತಿ ಜಪ್ತಿಯಾಗುತ್ತದೆ, ವಿಶೇಷ ನ್ಯಾಯಾಲಯ ಅದನ್ನು ಕಾಯಂ ಮಾಡಬೇಕು. ಪ್ರಾಸಿಕ್ಯೂಟರ್ ಅಲ್ಲಿ ಆಸ್ತಿಗೂ ಠೇವಣಿ ಹಣಕ್ಕೂ ಇರುವ ಕೊಂಡಿಯನ್ನು ತೋರಿಸಬೇಕು. ಠೇವಣಿ ರಸೀದಿ, ಚೀಟಿ ಪುಸ್ತಕ, ಏಜೆಂಟರ ಕೈಬರಹದ ಲೆಕ್ಕ ಬಹುಪಾಲು ಕನ್ನಡದಲ್ಲೋ ಉರ್ದುವಿನಲ್ಲೋ ಇರುತ್ತವೆ. ಸಾಕ್ಷಿ ಕಟಕಟೆಗೆ ಬರುವವರು ನಿವೃತ್ತ ಮೇಷ್ಟರು, ಬೀದಿ ವ್ಯಾಪಾರಿಗಳು, ಮಗಳ ಮದುವೆಗೆ ಕೂಡಿಟ್ಟ ಹಣ ಕಳೆದುಕೊಂಡ ತಾಯಂದಿರು. ಅವರಿಂದ ತಾರೀಖು, ಮೊತ್ತ, ಹಣ ಕೈಗೆ ಕೊಟ್ಟವರು ಯಾರು ಎಂಬುದನ್ನು ಗದರಿಸದೆ, ಅವಸರಪಡಿಸದೆ ಹೊರತರಲು ಬರುವ ವಕೀಲರು ಅಲ್ಲಿ ಬೇಕಾಗಿದ್ದಾರೆ. ಹಣಕಾಸು ಪ್ರಕರಣ ನಡೆಸುವ ಹಿರಿಯ ಸರ್ಕಾರಿ ವಕೀಲರ ಬಳಿ ಜೂನಿಯರ್ ಆಗಿ ಸೇರಿಕೊಳ್ಳುವುದು, ಸರ್ಕಾರಿ ಅಭಿಯೋಜಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಪರೀಕ್ಷೆ ಬರೆಯುವುದು, ಎರಡೂ ದಾರಿ ಇವೆ. ಅದಕ್ಕೂ ಮೊದಲು ಒಂದು ದಿನ ವಿಶೇಷ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ವಿಚಾರಣೆ ಬಹಿರಂಗವಾಗಿಯೇ ನಡೆಯುತ್ತದೆ, ಯಾರ ಅನುಮತಿಯೂ ಬೇಕಿಲ್ಲ.